ಅಪ್ಪಾಜಿಯ ಕಂಪ್ಯೂಟರಿಗೆ ಜ್ವರ ಬಂದಾಗ

"ಇಪ್ಪತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತೆ ಕಣವ್ವ" ಎಂದು ಅಪ್ಪಾಜಿ ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನ ಕೆಲಸದಲ್ಲಿದ್ದೆ. "ಅದಕ್ಕೂ ವಯಸ್ಸಾಯ್ತು, ಗುಜರಿಗೆ ಹಾಕಿ. ಲ್ಯಾಪ್‌ಟಾಪ್ ತರ್ತೀನಿ" ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಊಟ ಆಯ್ತಾ?" ಎಂದರು. ಮನಸ್ಸಿಗೆ ಬೇಜಾರಾದಾಗ ಅಪ್ಪಾಜಿ ಕೇಳುವ ಪ್ರಶ್ನೆ ಅದು.

ದಾವಣಗೆರೆಯ ಅಡ್ಡರಸ್ತೆಯೊಂದರಲ್ಲಿ ಅಪ್ಪಾಜಿಯದು ಹತ್ತಡಿ ಅಗಲದ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಊರಿನ ಕವಿಗಳ ಸಂಕಲನ, ಎಲ್ಲವೂ ಅವರ ಬೆರಳುಗಳಿಂದಲೇ ಆಗಬೇಕು. ಬರಬರುತ್ತ ಲಗ್ನಪತ್ರಿಕೆಗಳು ವಾಟ್ಸಾಪಿಗೆ ಹೋದವು, ಬಾಡಿಗೆ ಮಾತ್ರ ಏರುತ್ತ ಹೋಯಿತು. ನಾನೂ ತಮ್ಮನೂ ಒತ್ತಾಯ ಮಾಡಿ ಕಳೆದ ನವೆಂಬರಿನಲ್ಲಿ ಅಂಗಡಿ ಬಿಡಿಸಿದೆವು. ಕಂಪ್ಯೂಟರನ್ನು ಆಟೋದ ಹಿಂದಿನ ಸೀಟಿನಲ್ಲಿ ಮಲಗಿಸಿ ಮನೆಗೆ ತಂದೆವು. ದಾರಿಯುದ್ದಕ್ಕೂ ಪ್ರತಿ ಹಂಪ್ಸಿಗೂ ಅಪ್ಪಾಜಿ "ನಿಧಾನಪ್ಪ, ನಿಧಾನ" ಎನ್ನುತ್ತಿದ್ದರು.

2009ರಲ್ಲಿ ಕೊಂಡ ಕೋರ್ 2 ಡುಯೋ ಅದು. ಲ್ಯಾಪ್‌ಟಾಪ್ ಬೇಡ ಎನ್ನಲು ಅಪ್ಪಾಜಿಗೆ ಕಾರಣವಿತ್ತು. ಅವರ ಕೆಲಸವೆಲ್ಲ ಇರುವುದು ಪೇಜ್‌ಮೇಕರಿನಲ್ಲಿ. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು, ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಆ ಕಡತಗಳನ್ನು ಹಳೆಯ ಫಾಂಟುಗಳಿಲ್ಲದೆ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಅಪ್ಪಾಜಿಯ ಇಷ್ಟು ವರ್ಷಗಳ ದುಡಿಮೆ ಸರಿಯಾಗಿ ಓದಲು ಬರುತ್ತಿದ್ದದ್ದು ಆ ಒಂದೇ ಪೆಟ್ಟಿಗೆಯಲ್ಲಿ.

ಯುಗಾದಿಗೆ ಊರಿಗೆ ಹೋದಾಗ ನೋಡುತ್ತೇನೆ, ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದಾರೆ. ಹಾಗಿದ್ದರೂ ಇಪ್ಪತ್ತೇ ನಿಮಿಷ. ಅಪ್ಪಾಜಿ ಸಾಲು ಸಾಲಿಗೂ ಕಂಟ್ರೋಲ್ ಎಸ್ ಒತ್ತುತ್ತ ಟೈಪ್ ಮಾಡುತ್ತಿದ್ದರು. ಅದು ಆಫ್ ಆದರೆ ಅರ್ಧ ಗಂಟೆ ಕಾಯುವುದು, ಮತ್ತೆ ಶುರು. ಕೈಯಲ್ಲಿ ಒಂದೇ ಕೆಲಸವಿತ್ತು: 82 ವರ್ಷದ ನಿವೃತ್ತ ಮೇಷ್ಟ್ರೊಬ್ಬರ ಆತ್ಮಕಥೆ. "ಕಣ್ಣು ಕಾಣುವಾಗಲೇ ಪುಸ್ತಕ ನೋಡ್ಬೇಕು" ಎಂದಿದ್ದರಂತೆ ಮೇಷ್ಟ್ರು. ನವೆಂಬರಿನಿಂದ ಆಗಿದ್ದದ್ದು 94 ಪುಟ. ಮೇಷ್ಟ್ರ ಫೋನ್ ಬಂದರೆ ಅಪ್ಪಾಜಿ ಅಮ್ಮನ ಕೈಗೆ ಕೊಡುತ್ತಿದ್ದರು. ರಿಪೇರಿಯವನು ಬಂದು "ಮದರ್‌ಬೋರ್ಡ್ ಹೋಗಿದೆ" ಎಂದು ಹೇಳಿ ಹೋಗಿದ್ದ.

ಹಬ್ಬದ ಮಾರನೆಯ ದಿನ ನಾನೇ ಕೂತೆ. ಬಯಾಸ್‌ಗೆ ಹೋಗಿ ನೋಡಿದರೆ ಪ್ರೊಸೆಸರಿನ ಬಿಸಿ 71 ಡಿಗ್ರಿ. ನೋಡುತ್ತಿದ್ದ ಹಾಗೆಯೇ 80 ದಾಟಿತು, ಆಮೇಲೆ 90. ಅದರ ಮೇಲಿನ ಫ್ಯಾನ್ ಮಾತ್ರ ಸರಿಯಾಗಿ ತಿರುಗುತ್ತಿತ್ತು. ಆಫ್ ಮಾಡಿದ ಕೂಡಲೇ ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಮುಟ್ಟಿದೆ. ಸುಡುತ್ತದೆಂದು ಹೆದರಿಕೊಂಡೇ ಮುಟ್ಟಿದ್ದು. ತಣ್ಣಗಿದ್ದವು.

ಒಳಗೆ 90, ಮೇಲೆ ತಣ್ಣಗೆ. ಹಾಗಾದರೆ ಬಿಸಿ ಮೇಲಕ್ಕೆ ಬರುತ್ತಲೇ ಇಲ್ಲ. ಆ ಪ್ರೊಸೆಸರು ಹೆಚ್ಚೆಂದರೆ 65 ವ್ಯಾಟಿನಷ್ಟು ಶಾಖ ಉಗುಳುತ್ತದೆ. ಚಿಕ್ಕಂದಿನಲ್ಲಿ ಕೈ ಸುಟ್ಟುಕೊಂಡ ಅರವತ್ತು ಕ್ಯಾಂಡಲ್ ಬಲ್ಬಿನ ಶಾಖವೆಲ್ಲ ಒಂದು ಉಗುರಿನಗಲದ ಚಿಪ್ಪಿನಲ್ಲಿ. ಅದು ಲೋಹದ ಪಟ್ಟಿಗಳಿಗೆ ದಾಟಿದರೆ ಮಾತ್ರ ಫ್ಯಾನಿಗೆ ಕೆಲಸ. ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಸಂದಿನಲ್ಲಿ ಗಾಳಿ. ಶಾಖ ಸಾಗಿಸುವುದರಲ್ಲಿ ಗಾಳಿಯಂಥ ಸೋಮಾರಿ ಇಲ್ಲ. ಅದಕ್ಕೇ ನಡುವೆ ಒಂದು ಪೇಸ್ಟ್ ಹಚ್ಚಿರುತ್ತಾರೆ.

ಫ್ಯಾನ್ ಬಿಚ್ಚಲು ಕೂತೆ. ಅಪ್ಪಾಜಿ ಟಾರ್ಚ್ ಹಿಡಿದರು. ಆ ಫ್ಯಾನು ಬೋರ್ಡಿನ ಮೇಲೆ ನಿಂತಿರುವುದು ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ. ಮೂರನ್ನು ಬಾಣದ ಗುರುತಿನ ಕಡೆ ತಿರುಗಿಸಿ ಎಳೆಯಬೇಕಾಯಿತು. ನಾಲ್ಕನೆಯದು ಮುಟ್ಟುತ್ತಲೇ ಅಲುಗಾಡಿತು. ಅದು ಕಚ್ಚಿಕೊಂಡೇ ಇರಲಿಲ್ಲ. ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದು, ಕೆಳಗಿನ ಪೇಸ್ಟ್ ಹಳೆ ಗೋಡೆಯ ಸುಣ್ಣದ ಹಾಗೆ ಒಣಗಿ ಬಿರಿದಿತ್ತು.

"ಆಟೋದಲ್ಲಿ ತರುವಾಗ ಸಡಿಲ ಆಗಿರ್ಬೇಕು ಅಪ್ಪಾಜಿ" ಎಂದೆ.

"ಹಂಗಾದ್ರೆ ನವೆಂಬರಿಂದಲೂ ಹಿಂಗೇ ಇತ್ತಾ?"

"ಹೂಂ."

"ಯಾರೂ ನೋಡ್ಲೇ ಇಲ್ಲ" ಎಂದರು. ಕಂಪ್ಯೂಟರಿನ ಬಗ್ಗೆಯೇ ಹೇಳಿದ್ದು.

ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದು ಹಳೆಯದನ್ನು ಒರೆಸಿದೆ. ಹೊಸ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು ಸಾಕು. ಹೆಚ್ಚು ಹಾಕಿದರೆ ಅದೇ ಅಡ್ಡಿ. ಎದುರುಬದುರಿನ ಕಾಲುಗಳನ್ನು ಜೋಡಿಯಾಗಿ ಒತ್ತಬೇಕು. ನಾಲ್ಕನೆಯದು 'ಟಕ್' ಎಂದಾಗ ಅಪ್ಪಾಜಿ ಟಾರ್ಚ್ ಆರಿಸಿದರು. ಆನ್ ಮಾಡಿದೆವು. 48, 50, 52. ಅರ್ಧ ಗಂಟೆಯಾದರೂ 52.

ಬಿಸಿ ಹೆಚ್ಚಾದಾಗ ಪ್ರೊಸೆಸರು ಮೊದಲು ಆಫ್ ಆಗುವುದಿಲ್ಲ. ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಆಗಲೂ ತಗ್ಗದಿದ್ದರೆ ಕೆಲಸ ನಿಲ್ಲಿಸುತ್ತದೆ. ಆ ನಿಧಾನವನ್ನು ನಾವು ವಯಸ್ಸು ಎಂದುಕೊಂಡಿದ್ದೆವು. ಅಂಗಡಿ ಬಿಟ್ಟ ಮೇಲೆ ಅಪ್ಪಾಜಿ ಬೆಳಗಿನ ವಾಕಿಂಗ್ ಬಿಟ್ಟಿದ್ದರು, ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅದಕ್ಕೂ ನಾನು, ಅಮ್ಮ, ತಮ್ಮ ಮೂವರೂ ಫೋನಿನಲ್ಲಿ ಇದೇ ಕಾರಣ ಹೇಳಿಕೊಂಡಿದ್ದೆವು. ಹೊರಗಿನಿಂದ ತಣ್ಣಗೇ ಇದ್ದರಲ್ಲ. ಅಂಗಡಿ ಬಿಡಿಸಿದ್ದು ತಪ್ಪೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಬಿಟ್ಟ ಮೇಲೆ ಹೇಗಿದ್ದೀರಿ ಎಂದು ಕೂತು ಕೇಳಿದವರು ಯಾರೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಅವತ್ತು ರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಹಾಲಿನಲ್ಲಿ ಕೀಲಿಮಣೆಯ ಸದ್ದು. ಹೋಗಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

"ಮಲಗಲ್ವಾ ಅಪ್ಪಾಜಿ?"

"ಮೇಷ್ಟ್ರಿಗೆ ಈಗ ತಾನೇ ಕೆಲಸ ಸಿಕ್ತು, ಇನ್ನೊಂದು ಪುಟ" ಎಂದರು. ಆಮೇಲೆ ಕೈ ನಿಲ್ಲಿಸದೆಯೇ ಅಂಗಡಿಯ ಕಥೆ ಶುರು ಮಾಡಿದರು. ಮೊದಲ ಗಿರಾಕಿ ಯಾರು, ಮೊದಲ ಲಗ್ನಪತ್ರಿಕೆಯಲ್ಲಿ ವರನ ಹೆಸರೇ ತಪ್ಪಿದ್ದು ಹೇಗೆ. ಅದನ್ನೆಲ್ಲ ನಾನು ಕೇಳಿದ್ದು ಅದೇ ಮೊದಲು.

ಉಳಿದ ಪೇಸ್ಟಿನ ಟ್ಯೂಬನ್ನು ಬೆಳಿಗ್ಗೆ ಅವರೇ ಡ್ರಾಯರಿನಲ್ಲಿ ಗೋಂದಿನ ಬಾಟಲಿಯ ಪಕ್ಕ ಇಟ್ಟರು. ಲ್ಯಾಪ್‌ಟಾಪಿನ ಮಾತು ನಾನೂ ಎತ್ತಲಿಲ್ಲ.