ನಗುವ ಮುಖ, ಅಳುವ ಮುಖ

ನನ್ನ ಮಗಳಿಗೆ ಈಗ ಎಂಟು ವರ್ಷ. ನಾಲ್ಕನೆಯ ವಯಸ್ಸಿನಲ್ಲೇ ಅವಳ ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗತೊಡಗಿತು. ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬ್ರೇಸ್ ತೊಡಿಸಿದ್ದಾಯಿತು, ಬಾಗು ನಿಲ್ಲಲಿಲ್ಲ. ಹಾಗೆಂದು ಚಿಕ್ಕ ಮಗುವಿನ ಬೆನ್ನನ್ನು ಒಮ್ಮೆಗೇ ಬೆಸೆದುಬಿಟ್ಟರೆ ಎದೆಗೂಡಿಗೆ, ಶ್ವಾಸಕೋಶಕ್ಕೆ ಬೆಳೆಯಲು ಎಡೆ ಸಿಗದು. ಆದ್ದರಿಂದ ಬೆನ್ನೊಳಗೆ ಲೋಹದ ಸಲಾಕೆ ಕೂಡಿಸಿ, ಮಗು ಬೆಳೆದಂತೆ ಅದನ್ನೂ ಉದ್ದ ಮಾಡುತ್ತ ಹೋಗುತ್ತಾರೆ.

ಹಳೆಯ ಬಗೆಯ ಸಲಾಕೆಯಾದರೆ ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಶಸ್ತ್ರಕ್ರಿಯೆ ಆಗಬೇಕು. ನಮ್ಮ ಪುಟ್ಟಿಗೆ ಹಾಕಿದ್ದು ಅಯಸ್ಕಾಂತದ ಸಲಾಕೆ. ಹಾಂಗ್‌ಕಾಂಗಿನ ವೈದ್ಯರು 2012ರಲ್ಲಿ ಇದರ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2014ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಬೆನ್ನಿನ ಮೇಲೆ ಒಂದು ಯಂತ್ರ ಹಿಡಿಯುತ್ತಾರೆ. ಅದರೊಳಗಿನ ಅಯಸ್ಕಾಂತ ತಿರುಗಿದರೆ ಸಲಾಕೆಯೊಳಗಿನದೂ ತಿರುಗುತ್ತದೆ, ತಿರುಪು ಸರಿಯುತ್ತದೆ, ಸಲಾಕೆ ಕೆಲವು ಮಿಲಿಮೀಟರ್ ಉದ್ದವಾಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಕತ್ತರಿಯಿಲ್ಲ, ಅರಿವಳಿಕೆಯಿಲ್ಲ. ಬಿ.ಎಸ್ಸಿ.ಯಲ್ಲಿ ಅಂಕಕ್ಕಾಗಿ ಓದಿದ ಪಾಠ ಹೀಗೆ ಉಪಕಾರಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಆದರೆ ಅರಿವಳಿಕೆಯಿಲ್ಲ ಎಂದರೆ ಮಗು ಎಚ್ಚರವಾಗಿರುತ್ತದೆ ಎಂದೂ ಅರ್ಥ. ಕೆಲವು ಮಕ್ಕಳಿಗೆ ಏನೂ ಅನಿಸದು, ಕೆಲವರಿಗೆ ನೋಯುತ್ತದೆ. ಎಷ್ಟು ಎಂಬುದನ್ನು ಕೇಳಿಯೇ ತಿಳಿಯಬೇಕು.

ಮೊದಲ ಸಲ ನರ್ಸ್ ಒಂದು ಕಾರ್ಡು ತೋರಿಸಿದರು. ಅದರಲ್ಲಿ ಆರು ಮುಖಗಳು. ಸೊನ್ನೆಯ ಮುಖ ನಗುತ್ತದೆ, ಹತ್ತರ ಮುಖ ಕಣ್ಣೀರಿಡುತ್ತದೆ. ಪುಟ್ಟಿ ನಗುವ ಮುಖದ ಮೇಲೆ ಬೆರಳಿಟ್ಟಳು. "ನನ್ನ ಮಗಳು ಗಟ್ಟಿಗಿತ್ತಿ" ಎಂದು ನಾನು ಬೀಗಿದೆ.

ಅಂದು ರಾತ್ರಿ ಅವಳು ತಾಯಿಯ ಕಿವಿಯಲ್ಲಿ, "ಒಳಗಿಂದ ಯಾರೋ ಹಗ್ಗ ಜಗ್ಗಿದ ಹಾಗಾಯ್ತಮ್ಮ" ಎಂದಳಂತೆ. ಮತ್ತೆ ಸೊನ್ನೆ ಏಕೆ ತೋರಿಸಿದೆ ಎಂದು ಕೇಳಿದೆ.

"ನೀನೇ ನಗ್ತಾ ಇರು ಅಂದಿದ್ದೆ. ಕೊನೇ ಮುಖ ಅಳ್ತಿತ್ತು. ನಾನು ಅಳಲಿಲ್ಲವಲ್ಲಪ್ಪ!"

ನನ್ನ ಬಾಯಿ ಕಟ್ಟಿತು. ನೋವು ಹೇಳಲು ಕೊಟ್ಟ ಕಾರ್ಡಿನಲ್ಲಿ ಮಗು ನನ್ನ ಅಪ್ಪಣೆಯನ್ನು ಓದಿತ್ತು.

ಮುಂದಿನ ಸಲ ಇದನ್ನು ಡಾಕ್ಟರರಿಗೆ ಹೇಳಿದೆ. ಅವರು ನಗಲಿಲ್ಲ. ಬೇರೊಂದು ಕಾರ್ಡು ತರಿಸಿದರು. 2001ರಲ್ಲಿ ಪರಿಷ್ಕರಿಸಿದ ಆ ಕಾರ್ಡಿನ ಮುಖಗಳಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಹುಬ್ಬು ಗಂಟಿಕ್ಕುತ್ತ ಹೋಗುತ್ತದೆ, ಅಷ್ಟೆ. ಯಂತ್ರ ಹಿಡಿಯುವ ಮೊದಲು, ನಡುವೆ, ಆದ ಮೇಲೆ, ಹೀಗೆ ಮೂರು ಸಲ ಕೇಳಿದರು. ಮಾತು ಬಾರದ ಕೂಸುಗಳಿಗೆ ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಎಂಬ ಐದನ್ನು ನೋಡಿ, ಒಂದೊಂದಕ್ಕೆ ಎರಡರವರೆಗೆ ಅಂಕ ಕೊಡುವ ಪದ್ಧತಿಯೂ ಇದೆಯೆಂದರು. ನನ್ನನ್ನು ಮಾತ್ರ ಮಗುವಿನ ಕಣ್ಣಿಗೆ ಬೀಳದಂತೆ ಹಿಂದೆ ನಿಲ್ಲಿಸಿದರು. ಕೈ ಎತ್ತಿದರೆ ಯಂತ್ರ ನಿಲ್ಲಿಸುವುದಾಗಿ ಪುಟ್ಟಿಗೆ ಮಾತು ಕೊಟ್ಟರು.

ನಡುವೆ ಅವಳು ಕೈ ಎತ್ತಿದಳು. ಯಂತ್ರ ನಿಂತಿತು. ನಾಲ್ಕರ ಮುಖ ತೋರಿಸಿದಳು. ಹೇಗೆ ನೋಯುತ್ತದೆಂದು ನರ್ಸ್ ಹಿಂದಿಯಲ್ಲಿ ಕೇಳಿದಾಗ ಕನ್ನಡದಲ್ಲಿ, "ಸೆಳೀತಿದೆ" ಎಂದಳು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಆಡುವ ಹುಡುಗಿಗೆ ನೋವಿನ ಮಾತು ಮನೆಯದೇ. ಹಿಂದೆ ನಿಂತು ನಾನು ಅದನ್ನಷ್ಟೇ ಅನುವಾದಿಸಿದೆ. ಸ್ವಲ್ಪ ತಡೆದು ಉಳಿದ ಕೆಲಸ ಮುಗಿಸಿದರು. ಅಂದೂ ಸಲಾಕೆ ಬೇಕಾದಷ್ಟು ಉದ್ದವಾಯಿತು.

ನಮ್ಮ ಮನೆಗಳಲ್ಲಿ ಮಗು ಎಡವಿದರೆ ಹೊಸ್ತಿಲಿಗೆ ಹೊಡೆದು, "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತೇವೆ. ನಾನೂ ಹಾಗೇ ಬೆಳೆದವನು. ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಏನಾಯಿತೆಂದು ಹೇಳಬೇಕಾದ ಮಗು ಅದನ್ನು ಕೇಳಿ ಸುಮ್ಮನಾಗಿಬಿಡುತ್ತದೆ. ಬರುವ ತಿಂಗಳು ಮತ್ತೆ ಆಸ್ಪತ್ರೆಗೆ ಹೋಗುವುದಿದೆ, ರಜೆ ಚೀಟಿ ಕೊಟ್ಟಾಗಿದೆ. ಈ ಸಲ ನಗುತ್ತಿರು ಎಂದು ಹೇಳುವುದಿಲ್ಲ.