ಕದ್ದ ಕಳ್ಳಿ

ಭೈರುಂಬೆಯಲ್ಲಿ ಬಿಸಿಲೆಂದರೆ ಅಂಗಳದಲ್ಲಿ ಬಿದ್ದಷ್ಟೇ. ಉಳಿದದ್ದು ತೋಟದ ನೆರಳು, ಇಲ್ಲವೇ ಬೆಟ್ಟದ ನೆರಳು. ಆ ಅಂಗಳವನ್ನೂ ಚಾಲಿ ಅಡಿಕೆ ತಿಂಗಳುಗಟ್ಟಲೆ ಹಿಡಿದುಕೊಂಡಿರುತ್ತದೆ. ಉಳಿದ ಮೂಲೆಯಲ್ಲಿ ನಾನು ಚಿರೇಕಲ್ಲಿನ ಚೂರು ಪೇರಿಸಿ ರಾಕ್ ಗಾರ್ಡನ್ ಮಾಡಿದ್ದೇನೆ. "ಕಲ್ಲು ಹೆಕ್ಕಿ ಹೊರಗೆ ಹಾಕದು ನೋಡಿದ್ದಿ, ಒಳಗೆ ತಂದು ಪೇರ್ಸದು ಈಗ್ಲೇ ನೋಡಿದ್ದು" ಎಂದು ಅತ್ತೆ ಕೇರಿಯೆಲ್ಲ ಹೇಳಿ ಬಂದರು.

ಅಲ್ಲಿ ನೆಡಲು ಆಸೆಪಟ್ಟದ್ದು ಯೂಫೋರ್ಬಿಯಾ ಮಿರ್ಸಿನೈಟಿಸ್. ಟರ್ಕಿ, ದಕ್ಷಿಣ ಯುರೋಪಿನ ಒಣಗುಡ್ಡಗಳ ಕಳ್ಳಿ. ಬೂದಿನೀಲಿ ಎಲೆಗಳನ್ನು ಸುರುಳಿಯಾಗಿ ಹೊತ್ತು ಬಂಡೆಯ ಮೇಲೆ ತೆವಳುತ್ತದೆ, ತುದಿಯಲ್ಲಿ ಹಳದಿಹಸಿರು ಹೂ. ಹಿಮ ಬಿದ್ದರೂ ಎಲೆ ಉದುರಿಸದು. ಬುಡದಲ್ಲಿ ನೀರು ನಿಂತರೆ ಮಾತ್ರ ಕತೆ ಮುಗಿಯಿತು. ನಮ್ಮಲ್ಲೋ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕ ಮಳೆ! ಹೊರದೇಶದಲ್ಲಿರುವ ಅಕ್ಕನ ಮಗಳು ಕಳಿಸಿದ ಫೋಟೋ ನೋಡಿಯೇ ತೃಪ್ತಿಪಟ್ಟೆ.

ಅದರ ಬದಲಿಗೆ ಬಂದದ್ದು ದಾಯಾದಿ, ಮಡಗಾಸ್ಕರ್ ಮೂಲದ ಯೂಫೋರ್ಬಿಯಾ ಮಿಲಿ. ಮೈತುಂಬ ಮುಳ್ಳು, ಮುಳ್ಳಿನ ನಡುವೆ ಕೆಂಪು ಹೂ. 1821ರಲ್ಲಿ ಅದನ್ನು ಫ್ರಾನ್ಸಿಗೆ ಮುಟ್ಟಿಸಿದವರು ರಿಯೂನಿಯನ್ ದ್ವೀಪದ ಗವರ್ನರ್ ಮಿಲಿಯಸ್ ಎನ್ನುತ್ತಾರೆ. ಭೈರುಂಬೆಗೆ, ಅಂದರೆ ನಮ್ಮ ಕೇರಿಗೆ, ಮುಟ್ಟಿಸಿದವರು ದೊಡ್ಡತ್ತೆ. ಯಾವುದೋ ಮದುವೆಮನೆಯಿಂದ, ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು. ಉಪನಯನವಿರಲಿ, ವೈಕುಂಠ ಸಮಾರಾಧನೆಯಿರಲಿ, ಊಟವಾದ ಮೇಲೆ ದೊಡ್ಡತ್ತೆ ಹಿತ್ತಲಿಗೆ ಒಂದು ಸುತ್ತು ಹೋಗದೆ ಬಸ್ಸು ಹತ್ತಿದವರಲ್ಲ. "ಕೇಳಿ ತಂದದ್ದು ಹಿಡಿತಿಲ್ಲೆ, ಕದ್ದದ್ದೇ ಚಿಗುರ್ತು" ಎಂಬುದು ಅವರ ಸಸ್ಯಶಾಸ್ತ್ರ. ಮುರಿದ ಟೊಂಗೆಯ ಹಾಲು ಕಣ್ಣಿಗೆ ತಾಗಬಾರದು, ಗಾಯ ಒಣಗುವ ತನಕ ನಾಲ್ಕು ದಿನ ಜಗಲಿಯಲ್ಲಿಟ್ಟು ಆಮೇಲೆ ಮರಳಿನಲ್ಲಿ ಊರಬೇಕು ಎಂಬ ಪಾಠವೂ ಅವರದೇ. ಯಾವ ಪುಸ್ತಕವೂ ಇದಕ್ಕಿಂತ ಹೆಚ್ಚಿಗೆ ಹೇಳಿದ್ದು ನಾನು ಕಂಡಿಲ್ಲ.

ಮಳೆಗಾಲ ಹಿಡಿದಾಗ, ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಕಳ್ಳಿಯ ತಲೆಗೂ ಕಟ್ಟಿದೆ. "ಹೆಂಗೂ ನಾಳೆ ಕೊನೆಗೌಡ ಬತ್ತ, ಇದ್ಕೂ ಬೋರ್ಡೋ ಹೊಡ್ಸನ?" ಎಂದರು ನಮ್ಮನೆಯವರು. ನಕ್ಕೆ. ಆದರೆ ಮೈಲುತುತ್ತ, ಸುಣ್ಣ ಹಾಕಿಸಿಕೊಂಡ ಅಡಿಕೆಗೇ ಕೊಳೆ ಬರುವ ಊರಿನಲ್ಲಿ ಕಳ್ಳಿಯ ಪಾಡೇನು! ಶ್ರಾವಣದ ಹೊತ್ತಿಗೆ ಮೆತ್ತಗಾಗಿ ಕುಸಿಯಿತು.

ದೊಡ್ಡತ್ತೆ ಈಗಿಲ್ಲ. ಮನೆಗೆ ಬೀಗ, ಮಗ ಬೆಂಗಳೂರಿನಲ್ಲಿ. ಅವರ ಯೂಫೋರ್ಬಿಯಾ ಮಾತ್ರ ಮಾಡಿನಂಚಿನ ಒಣ ಮೆಟ್ಟಿಲ ಮೇಲೆ, ನೀರಿಲ್ಲ ನಿಡಿಯಿಲ್ಲ, ಹೂ ಬಿಟ್ಟು ಕೂತಿದೆ. ಒಂದು ಟೊಂಗೆ ಮುರಿದೆ. ಯಾರಾದರೂ ಜಗಲಿಯಿಂದ "ಯಾರೇ ಅದು?" ಎಂದು ಗದರಿದ್ದರೆ ಕದ್ದ ಲೆಕ್ಕಕ್ಕೆ ಬರುತ್ತಿತ್ತು. ಮಗನಿಗೆ ಫೋನು ಮಾಡಿ ಒಂದು ಮಾತು ಕೇಳಬಹುದಿತ್ತು, ನಿಜ, ಕೇಳಿದರೆ ಹಿಡಿಯುವುದಿಲ್ಲವಲ್ಲ.