ಎಡಕ್ಕೆ ಹೊರಳಿದಾಗ

ನಾನು ಬಿ.ಎಡ್. ಮುಗಿಸಿ 1986ರಲ್ಲಿ ಮಾಸ್ತರಿಕೆಗೆ ಸೇರಿದವನು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗವಾಗುತ್ತ ಹೋಗಿ, ಕೊನೆಗೆ ಸಿಂದಗಿಯಲ್ಲಿ ನಿವೃತ್ತನಾಗಿ ಅಲ್ಲಿಯೇ ನೆಲೆಸಿದೆ. ವಿಜ್ಞಾನ ನನ್ನ ವಿಷಯ. ವೃತ್ತೀಯ ಚಲನೆಯ ಪಾಠ ಬಂದಾಗ ನೀರು ತುಂಬಿದ ಬಕೆಟ್ಟನ್ನು ತಲೆಯ ಮೇಲಿಂದ ತಿರುಗಿಸಿ ತೋರಿಸುತ್ತಿದ್ದೆ. ಒಂದು ಹನಿಯೂ ಚೆಲ್ಲದಿದ್ದುದನ್ನು ಕಂಡು ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಮಾಸ್ತರನಿಗೂ ಅಷ್ಟಕ್ಕೇ ತೃಪ್ತಿ.

ಮೂರು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಾಯಿತು. ದೇವರ ಹಿಪ್ಪರಗಿಯ ಮೇಲೆ ಹಾದುಹೋಗುವ ದಾರಿ, ಹೋಗಿ ಬರಲು ನೂರಿಪ್ಪತ್ತು ಕಿಲೋಮೀಟರಿನಷ್ಟು. ಒಂದು ಸರದಿ ತಪ್ಪಿದರೂ ಕಾಲು ಬಾತು, ಉಸಿರು ಕಟ್ಟುತ್ತಿತ್ತು. ಹೀಗಾಗಿ ನನ್ನ ಹಳೆಯ ಆಲ್ಟೊ ಕಾರು ನಮ್ಮ ಮನೆಯಲ್ಲಿ ಒಬ್ಬ ಮನುಷ್ಯನಷ್ಟೇ ಮುಖ್ಯವಾಯಿತು.

ಆ ಮಳೆಗಾಲದಲ್ಲಿ ಕಾರಿನಿಂದ ಹಿಟ್ಟಿನ ಗಿರಣಿಯಂಥ ಗರಗರ ಸದ್ದು ಕೇಳಿಬರತೊಡಗಿತು. ಬ್ರೇಕ್ ಸವೆದಿರಬೇಕೆಂದು ಒಂದು ಗ್ಯಾರೇಜಿನವರು ಪ್ಯಾಡ್ ಬದಲಿಸಿ ಹದಿನೆಂಟು ನೂರು ರೂಪಾಯಿ ಪಡೆದರು. ಸದ್ದು ಹಾಗೆಯೇ ಉಳಿಯಿತು. ಬ್ರೇಕಿನ ದೋಷವಾಗಿದ್ದರೆ ಪೆಡಲ್ ಒತ್ತಿದಾಗ ಸದ್ದು ಬದಲಾಗಬೇಕಿತ್ತು, ಬದಲಾಗುತ್ತಿರಲಿಲ್ಲ. ಇಷ್ಟನ್ನು ನಾನಾದರೂ ಗಮನಿಸಬಹುದಿತ್ತು. ಗಮನಿಸಲಿಲ್ಲ, ರೇಡಿಯೋದ ದನಿ ಏರಿಸಿಕೊಂಡೆ.

ಒಂದು ದಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅಣ್ಣ, "ತಮ್ಮಾ, ಎಡಕ್ಕ ಹೊಳ್ಳಿದಾಗ ಅದು ಭಾಳ ಒದರತೈತಿ. ಬಲಕ್ಕ ಹೊಳ್ಳಿದರ ಸುಮ್ಮಗಾಗತೈತಿ, ನೋಡು" ಎಂದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಎತ್ತಿನ ಬಂಡಿಯ ಅಚ್ಚು ಕಿರುಗುಟ್ಟುವುದನ್ನು ಕೇಳಿ, ಯಾವ ಗಾಲಿಗೆ ಕೀಲೆಣ್ಣೆ ಬೇಕೆಂದು ಕತ್ತಲಲ್ಲೇ ಹೇಳುತ್ತಿದ್ದವನು.

ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. ಎಡಕ್ಕೆ ತಿರುಗುವ ವಾಹನದ ಮೈ ಜಡತ್ವದಿಂದ ಬಲಕ್ಕೆ ವಾಲುತ್ತದೆ, ಭಾರವು ಹೊರಗಿನ ಗಾಲಿಗಳ ಮೇಲೆ ಬೀಳುತ್ತದೆ. ಎಡಕ್ಕೆ ತಿರುಗಿದಾಗ ಸದ್ದು ಹೆಚ್ಚಿದರೆ ನರಳುತ್ತಿರುವುದು ಬಲಗಡೆಯ ಗಾಲಿ! ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕರಿಹಲಗೆಯ ಮೇಲೆ ಬರೆದದ್ದು ಇದನ್ನೇ.

ಆದರೂ ಒಮ್ಮೆ ಮೋಸಹೋದವನು ನಾನು. ಇನ್ನೊಂದು ಅನುಮಾನವಿತ್ತು. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಸರಳಿನ ತುದಿಯಲ್ಲಿ, ಗಾಲಿ ಹೊರಳಿದರೂ ತಿರುಗುತ್ತಲೇ ಇರುವ ಗುಂಡುಗಳ ಕೀಲೊಂದಿದೆ. ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್‌ಫ್ರೆಡ್ ರೆಪ್ಪಾ 1920ರ ದಶಕದಲ್ಲಿ ರೂಪಿಸಿದ ಜಾಣ ಉಪಾಯ ಅದು. ಅದರ ರಬ್ಬರ್ ಚೀಲ ಹರಿದು ಮಣ್ಣು ಹೊಕ್ಕರೆ, ಪೂರ್ತಿ ಹೊರಳಿಸಿ ವೇಗ ಕೊಟ್ಟಾಗ ಟಕಟಕ ಎನ್ನುತ್ತದೆ. ಬಯಲಿನಲ್ಲಿ ಎಡಕ್ಕೂ ಬಲಕ್ಕೂ ಬಿಗಿಯಾದ ಸುತ್ತು ಹಾಕಿದೆ. ಟಕಟಕ ಇರಲಿಲ್ಲ. ಬಗ್ಗಿ ನೋಡಿದರೆ ಚೀಲಗಳೂ ಹರಿದಿರಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಗರಗರ ನಿಲ್ಲದಿದ್ದುದರಿಂದ ಎಂಜಿನ್ನಿನದಲ್ಲವೆಂಬುದೂ ಖಚಿತವಾಯಿತು.

ಈ ಸಲ ಹೋದದ್ದು ಬೇರೊಬ್ಬ ತರುಣ ಮೆಕ್ಯಾನಿಕ್‌ನ ಬಳಿಗೆ. ಅವನು ಬಲಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಗಾಲಿ ತುಸು ಆಡಿತು. ಬಳಿಕ ಕೈಯಿಂದ ತಿರುಗಿಸುತ್ತ, ನನ್ನ ಬೆರಳುಗಳನ್ನು ಸ್ಪ್ರಿಂಗ್‌ನ ಮೇಲೆ ಇರಿಸಿದ. ಮರಳಿನ ಮೇಲೆ ಕಲ್ಲೆಳೆದಂಥ ನಡುಕ! ಎಡಗಾಲಿಯ ಸ್ಪ್ರಿಂಗ್ ಮುಟ್ಟಿದೆ, ನುಣುಪಾಗಿತ್ತು. ಬಲಗಡೆಯ ಬೇರಿಂಗ್ ಹೋಗಿತ್ತು.

"ನೀರಾಗ ಹಾಯಿಸಿದ್ದಿರೇನ್ರಿ ಸರ?" ಎಂದು ಕೇಳಿದ. ಹೌದು. ಮುದ್ದೇಬಿಹಾಳದಲ್ಲಿ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ಹೊರಟಾಗ, ತಾಳಿಕೋಟೆ ದಾಟಿದ ಮೇಲೆ ಡೋಣಿ ಹೊಳೆಯ ನೀರು ರಸ್ತೆಗೆ ಬಂದಿತ್ತು. ಹಿಂದಿರುಗದೆ ಅದರಲ್ಲಿಯೇ ಹಾಯಿಸಿದ್ದೆ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ, ಅದು ಬೇರೆ ಮಾತು. ಡೋಣಿಯದು ಸವುಳು ನೀರು, ಎರೆಮಣ್ಣಿನ ಹೊಲಗಳ ಜಿಗಟು ಕೆಸರನ್ನು ಹೊತ್ತು ತರುವ ಹೊಳೆ. ಸವೆದ ಸೀಲಿನ ಸಂದಿನಿಂದ ಅದು ಒಳಹೊಕ್ಕಿರಬೇಕು.

ಹುಡುಗ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಒಪ್ಪಲಿಲ್ಲ. ಪೆಟ್ಟು ಬಿದ್ದರೆ ಹೊಸದೂ ತಿಂಗಳೊಪ್ಪತ್ತಿನಲ್ಲಿ ಕೂಗುತ್ತದಂತೆ. ಲೇತ್ ಅಂಗಡಿಯ ಪ್ರೆಸ್‌ನಲ್ಲಿ ಒತ್ತಿಸಿ ತಂದ. ಸೀಲನ್ನೂ ಬದಲಿಸಿ, ನಡುವಿನ ನಟ್ಟನ್ನು ಬಿಗಿತ ಅಳೆಯುವ ಪಾನಾದಿಂದಲೇ ಬಿಗಿದ. ಹಳೆಯದನ್ನು ನಾನು ಕೇಳಿ ಪಡೆದುಕೊಂಡೆ.

ಸಂಜೆ ಕಟ್ಟೆಯ ಮೇಲೆ ಕುಳಿತಿದ್ದ ಅಣ್ಣನ ಕೈಯಲ್ಲಿ ಅದನ್ನಿಟ್ಟೆ. ಸೂಜಿ ಚುಚ್ಚಿಸಿಕೊಂಡು ಬಾತಿದ್ದ ಕೈ. ಕಿವಿಯ ಬಳಿ ಹಿಡಿದು ತಿರುವಿ ಕೇಳಿದ. ಬೆರಳಿಗೆ ಹತ್ತಿದ ಕರಿಯ ಕಿಟ್ಟವನ್ನು ಪಂಚೆಗೆ ಒರೆಸಿಕೊಂಡ.

"ಎಣ್ಣಿ ಹೋಗಿ ಕೆಸರು ಕುಂತೈತಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಾಳಿ ಎಷ್ಟಕ್ಕ ಹೊರಡೂದು?" ಎಂದು ಕೇಳಿದ.

ಬೆಳಗ್ಗೆ ಆರಕ್ಕೆ ಎಂದೆ.